ಕರಿಯಯ್ಯ ಮೇಷ್ಟ್ರ ಪಿಕ್ಚರ್ ಟ್ಯೂಬು

ಮದ್ದೂರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶಿವರಾಮುವಿನ ಟಿ.ವಿ. ರಿಪೇರಿ ಅಂಗಡಿ ಮೂವತ್ತೆಂಟು ವರ್ಷದಿಂದ ಇದೆ. ಈಗ ಅಲ್ಲಿಗೆ ಟಿ.ವಿ. ಬರುವುದೇ ಅಪರೂಪ, ಮಿಕ್ಸಿ, ರಿಮೋಟು, ಸುಟ್ಟುಹೋದ ಫ್ಯಾನು ಬರುತ್ತವೆ. ಅರ್ಧ ಅಂಗಡಿಯಲ್ಲಿ ಸೊಸೆ ಸುನಿತಾ ಜೆರಾಕ್ಸ್ ಮೆಷಿನ್ ಇಟ್ಟುಕೊಂಡಿದ್ದಾಳೆ, ದುಡಿಮೆ ಅವಳದೇ ಜಾಸ್ತಿ. ಆದರೂ ಶಿವರಾಮುವಿಗೆ ತನ್ನ ಹೆಸರಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಮಂಡ್ಯದವರೆಗೆ ಯಾರ ಕೈ ಬೇಕಾದರೂ ಮೋಸ ಮಾಡಿರಬಹುದು, ತನ್ನ ಕೈ ಮಾಡಿಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಸುನಿತಾ ಮದುವೆಯಾಗಿ ಬಂದ ದಿನದಿಂದ ಅದನ್ನು ಕೇಳುತ್ತಲೇ ಇದ್ದಳು, ಪಾಪ, ನಂಬಿಯೂ ಇದ್ದಳು.

ಆ ಸೋಮವಾರ ಬೆಳಿಗ್ಗೆ ಲಗೇಜ್ ಆಟೊದಿಂದ ಎರಡು ಹಳೇ ಕಲರ್ ಟಿ.ವಿ. ಇಳಿದವು. ಹಿಂದೆಯೇ ಕರಿಯಯ್ಯ ಮೇಷ್ಟ್ರು ಇಳಿದರು. ಕೊಕ್ಕರೆ ಬೆಳ್ಳೂರಿನ ಕಡೆಯವರು, ರಿಟೈರಾಗಿ ಹದಿನಾಲ್ಕು ವರ್ಷವಾಗಿದೆ. ಅವರನ್ನು ಕಂಡದ್ದೇ ಶಿವರಾಮುವಿನ ಮೈ ಉರಿಯಿತು. ತೊಂಬತ್ತನಾಲ್ಕರಲ್ಲಿ ಅವರು ಇದೇ ಮೆಟ್ಟಿಲು ಹತ್ತಿ, ರಿಪೇರಿಗೆ ಕೊಟ್ಟ ಹೊಸ ಟಿ.ವಿ. ಮಂಕಾಗಿದೆ, ಒಳಗಿರುವ ಪಿಕ್ಚರ್ ಟ್ಯೂಬು ನನ್ನದಲ್ಲ ಅನಿಸುತ್ತದೆ, ಸ್ವಲ್ಪ ನೋಡಿ ಎಂದಿದ್ದರು. ಟಿ.ವಿ. ಇಟ್ಟುಕೊಳ್ಳುವ ಯೋಗ್ಯತೆ ನಿಮ್ಮ ಕೇರಿಗೆ ಯಾವಾಗ ಬಂತು ಎಂದು ಶಿವರಾಮು ಗಲ್ಲಿಗೆಲ್ಲ ಕೇಳುವಂತೆ ಕೂಗಿ ಅವರನ್ನು ಕಳಿಸಿದ್ದ. ಎಂಥ ಮಾತು ಅದು. ಆಡಿದವನು ಮರುದಿನ ಊಟ ಮಾಡಿಕೊಂಡು ಆರಾಮಾಗಿದ್ದ, ಕೇಳಿಸಿಕೊಂಡವರು ಮತ್ತೆ ಈ ಗಲ್ಲಿಗೆ ಕಾಲಿಟ್ಟಿರಲಿಲ್ಲ.

"ಏನು?" ಎಂದ ಶಿವರಾಮು. ಕೂತ್ಕೊಳ್ಳಿ ಎನ್ನಲಿಲ್ಲ.

"ಎರಡ್ನೂ ಬಿಚ್ಚು."

"ಟೈಮಿಲ್ಲ. ಗುಜರಿಗಾಕು ಓಗು."

"ಒಂದ ಗುಜರಿಯಿಂದ್ಲೇ ತಂದಿರೋದು. ಮಳವಳ್ಳೀಲಿ ಸಿಕ್ತು. ಇಂದ್ಗಡೆ ಎಸ್ರು ನೋಡು."

ಹಿಂಬದಿಯಲ್ಲಿ ಬಿಳಿ ಪೇಂಟಿನಲ್ಲಿ ಮೇಷ್ಟ್ರ ಊರಿನ ದೊಡ್ಡ ಕುಳ ಚಲುವರಾಜು ಗೌಡರ ಹೆಸರಿತ್ತು. ಇನ್ನೊಂದು ಮೇಷ್ಟ್ರದು. ಒಂದೇ ಕಂಪನಿ, ಒಂದೇ ಮಾಡೆಲ್ಲು, ಜೋಡೆತ್ತಿನ ಹಾಗಿದ್ದವು. ಆ ವರ್ಷ ಎರಡರೊಳಗೂ ಇಲಿ ಹೊಕ್ಕು ವೈರು ಕಡಿದು, ಎರಡೂ ಒಂದೇ ವಾರ ಶಿವರಾಮುವಿನ ಮೇಜಿಗೆ ಬಂದಿದ್ದವು. ಗಲೀಜು ತೆಗೆಯಲು ಟ್ಯೂಬುಗಳನ್ನು ಕಳಚಿ ಗೋಣಿಚೀಲದ ಮೇಲೆ ಪಕ್ಕಪಕ್ಕ ಇಟ್ಟಿದ್ದ.

"ನೀನು ಬಿಚ್ಚಲ್ಲ ಅಂದ್ರೆ ಮಂಡ್ಯಕ್ಕೆ ತಕ್ಕೊಂಡೋಗಿ ಬಿಚ್ಚುಸ್ತೀನಿ. ಅಲ್ಲಿ ಯೋಳ್ತಾರೆ," ಎಂದರು ಮೇಷ್ಟ್ರು.

ಎದುರಿನ ಟೀ ಅಂಗಡಿಯಲ್ಲಿದ್ದವರು ಆಗಲೇ ಲೋಟ ಹಿಡಿದುಕೊಂಡು ಇತ್ತ ತಿರುಗಿದ್ದರು. ಬಿಚ್ಚದಿದ್ದರೆ ಹೆದರಿಕೊಂಡ ಅನ್ನುತ್ತಾರೆ. ಶಿವರಾಮು ಹಲ್ಲು ಕಚ್ಚಿಕೊಂಡು ಸ್ಕ್ರೂಡ್ರೈವರ್ ತೆಗೆದುಕೊಂಡ.

ಎರಡರ ಬೆನ್ನೂ ಕಳಚಿದ ಮೇಲೆ ಮೇಷ್ಟ್ರು ಪ್ಲಾಸ್ಟಿಕ್ ಕವರಿನಿಂದ ಒಂದು ಗ್ಯಾರಂಟಿ ಕಾರ್ಡು ತೆಗೆದು ಸುನಿತಾಳ ಕೈಗೆ ಕೊಟ್ಟರು. "ಟ್ಯೂಬಿನ ನಂಬರ್ರು ಇದ್ರಲ್ಲಿ ಅದೆ. ಓದಮ್ಮ. ನಮ್ಮಿಬ್ಬರ ಕಣ್ಣೂ ನೆಟ್ಟಗಿಲ್ಲ."

ಸುನಿತಾ ಮೊಬೈಲ್ ಟಾರ್ಚು ಹಾಕಿ ಟ್ಯೂಬಿನ ಬೆನ್ನಿಗೆ ಅಂಟಿಸಿದ್ದ ಚೀಟಿ ನೋಡಿದಳು. ಮೇಷ್ಟ್ರ ಟಿ.ವಿ.ಯದು ಕಾರ್ಡಿಗೆ ಹೊಂದಲಿಲ್ಲ. ಗೌಡರದಕ್ಕೆ ಬಾಗಿ ಒಂದೊಂದೇ ಅಂಕಿ ಓದಿದಳು. ಕೊನೆಯ ಅಂಕಿಯವರೆಗೂ ಹೊಂದಿತು.

"ಮಾವ, ಮೇಷ್ಟ್ರ ಟ್ಯೂಬು ಗೌಡ್ರ ಟಿ.ವಿ.ಲಿ ಐತೆ."

"ಕಂಪನಿಯೋರು ಕಾರ್ಡಲ್ಲಿ ಏನ್ ಬೇಕಾದ್ರೂ ಬರೀತಾರೆ, ಸುಮ್ನಿರು ನೀನು."

"ಹಂಗಾದ್ರೆ ಟ್ಯೂಬಿನ ಕತ್ತು ನೋಡವ," ಎಂದರು ಮೇಷ್ಟ್ರು. "ಗೌಡ್ರ ಟ್ಯೂಬು ನಿನ್ ತಾವ ಬರೋಕ್ಕೂ ಮುಂಚೆ ಒಂದ್ಸಲ ಕೆಟ್ಟು ಬೆಂಗ್ಳೂರಲ್ಲಿ ಕತ್ತು ಕೊಯ್ದು ಒಳ್ಗೆ ಚಿತ್ರ ಮೂಡ್ಸೋ ಹೊಸ ಗನ್ ಕೂರ್ಸಿದ್ರು ಅಂತ ಊರಿಗೆಲ್ಲ ಗೊತ್ತು. ಬೆಸುಗೆ ಹಾಕಿದ್ ಕಡೆ ಗಾಜಿಗೆ ಬಳೆ ಥರ ಗುರ್ತು ಬೀಳ್ತದಂತೆ. ಭಾರತೀನಗರದಲ್ಲಿ ಟಿ.ವಿ. ರಿಪೇರಿಯವ್ನ ಕೇಳ್ಕೊಂಡೇ ಬಂದಿದೀನಿ."

ಶಿವರಾಮು ಟ್ಯೂಬುಗಳ ಕತ್ತಿಗೆ ಸಿಕ್ಕಿಸಿದ್ದ ಸರ್ಕ್ಯೂಟ್ ಬೋರ್ಡುಗಳನ್ನು ಕಿತ್ತ. ನೋಡುವ ಅಗತ್ಯ ಅವನಿಗಿರಲಿಲ್ಲ. ಗೌಡರ ಪೆಟ್ಟಿಗೆಯ ಟ್ಯೂಬಿನ ಕತ್ತು ನುಣ್ಣಗಿತ್ತು. ಮೇಷ್ಟ್ರ ಪೆಟ್ಟಿಗೆಯದರಲ್ಲಿ ಬೆಸುಗೆಯ ಬಳೆ ಟಾರ್ಚಿನ ಬೆಳಕಿಗೆ ಸ್ಪಷ್ಟವಾಗಿ ಕಂಡಿತು.

"ಅದ್ಲುಬದ್ಲಾಗೈತೆ," ಎಂದ ನೆಲ ನೋಡುತ್ತ. "ಎತ್ತಿಕ್ಕೋವಾಗ ಕೈ ತಪ್ಪೈತೆ. ಮನ್ಸ ಅಂದ್ಮೇಲೆ ಆಯ್ತದೆ."

ಮೇಷ್ಟ್ರು ಅವನನ್ನು ದಿಟ್ಟಿಸಿ ನೋಡಿದರು. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. "ಈ ಮಾತ್ನ ಅವತ್ತೇ ಅಂದಿದ್ರೆ ಮುಗ್ದೋಗದು."

ಅಲ್ಲಿಗೆ ಬಿಟ್ಟಿದ್ದರೆ ಶಿವರಾಮು ಬಚಾವಾಗುತ್ತಿದ್ದ. ಆದರೆ ಸುನಿತಾ ಮಾವನ ಪರ ವಹಿಸಿಕೊಂಡಳು. "ನಮ್ಮಾವುಂಗೆ ಗೊತ್ತಾಗಿಲ್ಲ ಮೇಷ್ಟ್ರೆ. ಗೊತ್ತಾಗಿದ್ರೆ ಅವತ್ತೇ ಬದಲಾಯ್ಸಿ ಕೊಡೋರು. ಅವ್ರು ಅಂಥೋರಲ್ಲ."

ಬೈಗುಳಕ್ಕೆ ಬಗ್ಗದವನನ್ನು ಆ ಮಾತು ಹಿಂಡಿತು. ಗೊತ್ತಾಗಿರಲಿಲ್ಲವೇ? ರಿಪೇರಿ ಮಾಡಿ ಕೊಟ್ಟ ಮೂರನೇ ದಿನ ಆಂಟೆನಾ ತಿರುಗಿಸಲು ಗೌಡರ ಮನೆಗೆ ಹೋದಾಗಲೇ, ಹಳೇ ಟ್ಯೂಬಿನಲ್ಲಿ ಬರಲಾರದಂಥ ಬಣ್ಣ ಕಂಡು ಟ್ಯೂಬು ಅದಲುಬದಲಾಗಿದೆ ಎಂದು ಅವನಿಗೆ ತಿಳಿದುಹೋಗಿತ್ತು. ಗೌಡರ ತಾಯಿ ಹೊಂಬಾಳಮ್ಮ ಕೇರಿಯವರು ಮುಟ್ಟಿದ ಬಿಂದಿಗೆಯನ್ನು ಬೀದಿಗೆಸೆದ ಹೆಂಗಸು. ಕರಿಯಯ್ಯನ ಮನೆಯ ಟ್ಯೂಬು ನಿಮ್ಮ ನಡುಮನೆಯಲ್ಲಿದೆ ಎಂದಿದ್ದರೆ ಅಂಗಡಿ ಉಳಿಯುತ್ತಿತ್ತೇ? ಬಾಯಿ ಮುಚ್ಚಿಕೊಂಡು ಬಂದಿದ್ದ. ಮರುದಿನ ಮೇಷ್ಟ್ರು ಬಂದು ಕೇಳಿದಾಗ, ಆ ಹೆದರಿಕೆಯನ್ನೆಲ್ಲ ಅವರ ಮೇಲೆ ಕಕ್ಕಿದ್ದ.

"ಗೊತ್ತಿತ್ತು," ಎಂದ. "ಮೂರ್ನೇ ದಿನುಕ್ಕೇ ಗೊತ್ತಾಗಿತ್ತು. ಗೌಡ್ರ ಮುಂದೆ ಬಾಯ್ ಬುಡಕ್ಕೆ ಎದುರ್ಕೊಂಡೆ."

ಸುನಿತಾ ಟಾರ್ಚು ಆರಿಸಿದಳು.

"ಹಂಗಾದ್ರೆ ಮೆಟ್ಲ ಮೇಲೆ ನಿಂತ್ಕೊಂಡು ನನ್ನ ಬೈದಾಗ?"

"ಆವಾಗ್ಲೂ ಗೊತ್ತಿತ್ತು. ನಿಮ್ದು ತಪ್ಪಿರ್ನಿಲ್ಲ."

ಮೇಷ್ಟ್ರು ಖಾಲಿ ಪ್ಲಾಸ್ಟಿಕ್ ಕವರನ್ನು ಮಡಚಿ ಜೇಬಿಗಿಟ್ಟುಕೊಂಡರು. ಧ್ವನಿ ಏರಲಿಲ್ಲ.

"ಮೂವತ್ತು ವರ್ಸ ನಿನ್ನ ಪೆದ್ದ ಅಂದ್ಕಂಡಿದ್ದೆ. ಪೆದ್ದನ ಕೈಲಿ ತಪ್ಪಾಯ್ತು ಅನ್ನುಸ್ಬುಟ್ಟು, ಮನ್ಸಲ್ಲಿರೋದ್ನ ಬುಟ್ಬುಡವ ಅಂತ ಆಟೊ ಮಾಡ್ಕೊಂಡು ಬಂದೆ. ನೀನು ಪೆದ್ದ ಅಲ್ಲ ಕಣ್ಲಾ."

ಟಿ.ವಿ.ಗಳನ್ನು ಅಲ್ಲೇ ಬಿಟ್ಟು ಅವರು ಮೆಟ್ಟಿಲಿಳಿದರು. ಸುನಿತಾ ಕಾರ್ಡು ಹಿಡಿದುಕೊಂಡು ಅವರ ಹಿಂದೆಯೇ ಓಡಿದಳು. ಮಾವ ಅವಳ ಹೆಸರು ಹಿಡಿದು ಎರಡು ಸಲ ಕೂಗಿದ. ಅವಳು ತಿರುಗಿ ನೋಡಲಿಲ್ಲ.