ಯಾವ ಇಲಿಗೆ ವಾಸಿಯಾಯ್ತು?

ಒಂದೂರಲ್ಲಿ ದೊಡ್ಡದೊಂದು ಸಂಶೋಧನಾಲಯ ಇತ್ತು. ಅದರ ನೆಲದಡಿ, ಮೋರಿ ಪೈಪು ಗೋಡೆಯೊಳಗೆ ನುಗ್ಗೋ ಜಾಗದಲ್ಲಿ, ಇಲಿಗಳದ್ದೇ ಇನ್ನೊಂದೂರು. ಮೇಲಿನೋರು ಓದಿ ಬಿಸಾಕಿದ ಪೇಪರ್ರೇ ಕೆಳಗಿನೋರಿಗೆ ಹಾಸಿಗೆ. ಅದನ್ನ ಹರಿದು ಹಾಸೋ ಮುಂಚೆ ಒಂದ್ಸಲ ಓದಿಸಿ ಕೇಳೋದು ಅಲ್ಲಿನ ಪದ್ಧತಿ. ಓದೋರು ಮೇಷ್ಟ್ರು. ಚಿಕ್ಕ ವಯಸ್ಸಲ್ಲಿ ಅರ್ಧ ನಿಘಂಟು ತಿಂದಿದ್ದಕ್ಕೆ ಸಿಕ್ಕ ಹುದ್ದೆ ಅದು. ತಿನ್ನದೇ ಬಿಟ್ಟ ಅರ್ಧದ ಪದ ಬಂದಾಗ ಕೆಮ್ಮಿ ಮುಂದಕ್ಕೆ ಹೋಗೋರು.

ಪೇಪರಲ್ಲಿ ದಿನಾ ಒಂದು ಸಿಹಿಸುದ್ದಿ. ಸಕ್ಕರೆ ಕಾಯಿಲೆಗೆ ಮದ್ದು ಸಿಕ್ತು, ಇಲಿಗಳಲ್ಲಿ ಯಶಸ್ವಿ. ಬೋಳುತಲೇಲಿ ಕೂದಲು ಬಂತು, ಇಲಿಗಳಲ್ಲಿ ಯಶಸ್ವಿ. ಮುಪ್ಪು ಹಿಂದಕ್ಕೆ ಹೋಯ್ತು, ಅದೂ ಇಲಿಗಳಲ್ಲೇ. ಕೇಳ್ತಾ ಕೇಳ್ತಾ ಊರಿಗೂರೇ ಉಬ್ಬೋದು. ಮಂಡಿನೋವಿನ ಮುದುಕಿಯರು ನರಳ್ತಾನೇ ಚಪ್ಪಾಳೆ ತಟ್ಟೋರು. ಹಿಂದಿನ ಸಾಲಲ್ಲಿ ಕೂತ ನುಚ್ಚಮ್ಮ ಮಾತ್ರ ಒಂದೇ ಪ್ರಶ್ನೆ ಕೇಳೋಳು.

"ಯಾವ ಇಲಿಗೆ, ಮೇಷ್ಟ್ರೇ?"

"ನಮ್ಮ ಜನಕ್ಕೇ ಕಣಮ್ಮ. ಇಲಿ ಅಂತಲೇ ಅಚ್ಚು ಹಾಕಿದ್ದಾರೆ."

"ನಮ್ಮ ಜನದಲ್ಲಿ ಯಾರಿಗೆ?"

ಮೇಷ್ಟ್ರು ಕೆಮ್ಮಿ ಪುಟ ತಿರುಗಿಸೋರು.

ಅವಳು ಸುಮ್ಮನೆ ಕೇಳ್ತಿರಲಿಲ್ಲ. ಅವಳ ಗಂಡ ತೌಡಪ್ಪಂಗೆ ಮರೆವಿನ ಕಾಯಿಲೆ. ಮೊದಲು ಕಡ್ಲೆಕಾಯಿ ಬಚ್ಚಿಟ್ಟ ಜಾಗ ಮರೆತ, ಎಲ್ರೂ ನಕ್ಕರು. ಆಮೇಲೆ ಭಾವಮೈದನ ಹೆಸರು ಮರೆತ, ಅದರಿಂದ ಲಾಭವೇ ಆಯ್ತು. ಕೊನೆಗೆ ಮನೆ ದಾರಿ ಮರೆತ. ಮೊನ್ನೆ ಕ್ಯಾಂಟೀನ್ ಹಿಂದೆ ಮಲಗಿದ್ದ ಬೆಕ್ಕಿನ ಹತ್ರ ಹೋಗಿ, ಅಣ್ಣಾ ನಮ್ಮನೆ ಯಾವ ಕಡೆ ಅಂತ ಕೇಳಿದ್ದ. ಬೆಕ್ಕಿಗೆ ಆಗಷ್ಟೇ ಮೀನಿನ ಊಟ ಮುಗಿದಿತ್ತು. ನಾಳೆ ಬಾ ಅಂತ ಆಫೀಸಿನೋರ ಥರ ಆಕಳಿಸಿ ಕಳಿಸ್ತು. ದಾರೀಲಿ ಸಿಕ್ಕ ನೆಂಟನೊಬ್ಬ ಕರ್ಕೊಂಡು ಬಂದು ಬಿಟ್ಟ. ಎಲ್ಲಾ ಮರೆಯೋ ತೌಡಪ್ಪ 'ನಾಳೆ ಬಾ' ಅನ್ನೋದೊಂದನ್ನ ಮಾತ್ರ ಚೆನ್ನಾಗಿ ನೆನಪಿಟ್ಕೊಂಡಿದ್ದ. ನುಚ್ಚಮ್ಮ ಬಿಲದ ಬಾಯಿಗೆ ಬಾಟಲಿ ಬಿರಡೆ ಬಿಗಿದು, ಅದಕ್ಕೇ ಬೆನ್ನು ಕೊಟ್ಟು ಕೂರೋಳು.

ಹೀಗಿರುವಾಗ ಮರೆವಿಗೆ ಮದ್ದು ಸಿಕ್ಕಿದೆ, ಇಲಿಗಳಲ್ಲಿ ಯಶಸ್ವಿ ಅಂತ ಪೇಪರಲ್ಲಿ ಬಂತು. ಕೆಳಗಿನೂರು ಎದ್ದು ನಿಂತು ಚಪ್ಪಾಳೆ ತಟ್ತು. ನುಚ್ಚಮ್ಮ ಗಂಡನ್ನ ನೆರೆಯವಳಿಗೆ ಒಪ್ಪಿಸಿ, ಭಾನುವಾರ ಮಧ್ಯಾಹ್ನ ಪೈಪು ಹಿಡಿದು ಮೂರನೇ ಮಹಡಿ ಹತ್ತಿದಳು.

ಅಲ್ಲಿ ಗಾಜಿನ ಮನೆಗಳ ಎರಡು ಸಾಲು. ಒಳಗೆ ಬಿಳೀ ಇಲಿಗಳು, ಕೆಂಪು ಕಣ್ಣು, ಕಿವೀಲಿ ನಂಬರಿನ ಓಲೆ. ಹತ್ತಿರದ ಮನೆಯ ಬಿಳಿಯಪ್ಪ ಇವಳನ್ನ ಮೇಲಿಂದ ಕೆಳಗೆ ನೋಡಿದ. ನುಚ್ಚಮ್ಮ ಗಂಡನ ಕತೆ ಹೇಳಿದಳು.

"ಕಾಯಿಲೆ ಯಾರು ಕೊಟ್ಟಿದ್ದು?" ಅಂದ ಬಿಳಿಯಪ್ಪ.

"ಯಾರು ಕೊಡ್ತಾರಪ್ಪ? ತಾನಾಗೇ ಬಂತು."

"ತಾನಾಗೇ ಬಂದಿದ್ದಕ್ಕೆಲ್ಲ ಮದ್ದಿಲ್ಲಮ್ಮ. ನಮಗೆ ಮೊದಲು ಅಳತೆ ಮಾಡಿ ಕಾಯಿಲೆ ಕೊಡ್ತಾರೆ, ಆಮೇಲೆ ಅಳತೆ ಮಾಡಿ ಮದ್ದು. ಕ್ರಮ ಅಂದ್ರೆ ಅದು."

ವಾಸಿಯಾದೋರು ಎಲ್ಲಿ ಅಂತ ಕೇಳಿದಳು. ಬಿಳಿಯಪ್ಪ ಪಕ್ಕದ ಖಾಲಿ ಮನೆ ಕಡೆ ನೋಡಿದ. "ನಿಜವಾಗ್ಲೂ ವಾಸಿಯಾಗಿದೆಯಾ ಅಂತ ಅವನ ತಲೆ ಬಿಚ್ಚಿ ನೋಡಿದ್ರು," ಅಂದ. "ಆಗಿತ್ತಂತೆ."

ಆಮೇಲೆ ಅವನು ತಾನಾಗೇ ಮೆತ್ತಗಾಗಿ ಎಲ್ಲಾ ವಿವರಿಸಿದ. ಒಂದು ಸಾಲಿನ ಬಾಟಲೀಲಿ ಮದ್ದು, ಇನ್ನೊಂದರಲ್ಲಿ ಬರೀ ನೀರು. ಯಾವುದು ಯಾವುದು ಅಂತ ಕುಡಿಯೋರಿಗೂ ಗೊತ್ತಿಲ್ಲ, ಕುಡಿಸೋರಿಗೂ ಗೊತ್ತಿಲ್ಲ. ಪೇಪರಿಗೆ ಸುದ್ದಿ ಕೊಟ್ಟಾಗಿದೆ, ಈಗ ಅದು ನಿಜಾನಾ ಅಂತ ಇನ್ನೊಂದ್ಸಲ ನೋಡ್ತಿದ್ದಾರೆ. ಪಥ್ಯ ಅಂದ್ರೆ ಇಷ್ಟೇ: ದಿನಾ ಗುರುತು ನೋಡ್ಕೊಂಡು ಅಂಕುಡೊಂಕು ದಾರೀಲಿ ಓಡಬೇಕು, ಮುಗಿಸಿ ಬಂದೋರಿಗೆ ಮಾತ್ರ ಬಾಟಲಿ.

ನುಚ್ಚಮ್ಮ ಕೈಗೆ ಸಿಕ್ಕ ಬಾಟಲಿಗೆ ಬಾಲ ಅದ್ದಿ ಕೆಳಗಿಳಿದಳು.

ಅವತ್ತಿಂದ ಅದೇ ಕೆಲಸ. ಮೇಲಿನೋರು ಊಟಕ್ಕೆ ಹೋದಾಗ ಬಾಲ ಅದ್ದಿಕೊಂಡು ಬರೋದು, ಗಂಡನ ಬಾಯಿಗೆ ಆ ಬಾಲ ಕಚ್ಚಿಸಿ ಹೊರಡಿಸೋದು. ಚೀಪೋ ಹಾಗಿಲ್ಲ, ಬರೀ ಕಚ್ಚಿಕೊಂಡು ನಡೀಬೇಕು. ಇದು ಒಡೆದ ಬಕೆಟ್ಟು, ಇದು ಸೋಪು ವಾಸನೆ ಮೋರಿ, ಇದು ತುಕ್ಕು ಹಿಡಿದ ನಲ್ಲಿ, ಇಲ್ಲಿ ಎಡಕ್ಕೆ, ಇದೇ ನಮ್ಮನೆ. ಹೊಸ್ತಿಲಲ್ಲಿ ನೆಕ್ಕೋಕೆ ಅಪ್ಪಣೆ. ಮದುವೇಲಿ ಸುತ್ತಿದ್ದು ಸಾಲದಾ ನುಚ್ಚಮ್ಮ ಅಂತ ಮುದುಕಿಯರು ಆಡ್ಕೊಂಡ್ರು.

ಒಂದಿನ ನುಚ್ಚಮ್ಮ ಮಹಡಿಯಿಂದ ಇಳಿದು ಬಂದರೆ ಬಿರಡೆ ಬಿದ್ದಿತ್ತು, ಬಿಲ ಖಾಲಿ. ಕ್ಯಾಂಟೀನ್ ಕಡೆ ಓಡಿದಳು. ಅಲ್ಲಿ ಬೆಕ್ಕು ಒಂದೇ ಸಮನೆ ಮೀಸೆ ನೆಕ್ಕೊಳ್ತಾ ಕೂತಿತ್ತು. ಗಂಡನ ವಾಸನೆಗೆ ನೆಲ ಮೂಸ್ತಾ ವಾಪಸ್ ಬಂದಳು. ಹೊಸ್ತಿಲ ಮೇಲೆ ತೌಡಪ್ಪ ಕೂತಿದ್ದ.

"ಎಲ್ಲಿ ಸುತ್ತೋಕೆ ಹೋಗಿದ್ದೆ? ಮದ್ದಿನ ಹೊತ್ತಾಯ್ತು," ಅಂದ. "ಬೆಕ್ಕಣ್ಣ ಸಿಕ್ಕಿದ್ದ. ದಾರಿ ತೋರಿಸ್ತೀನಿ, ಇನ್ನೂ ಹತ್ರ ಬಾ ಅಂದ. ಗೊತ್ತು ಬಿಡಣ್ಣ ಅಂದೆ. ಬೇಜಾರು ಮಾಡ್ಕೊಂಡ."

ಮಾರನೇ ದಿನದಿಂದ ನುಚ್ಚಮ್ಮನ ಬಾಲಕ್ಕೆ ಕ್ಯೂ. ಆಡ್ಕೊಂಡ ಮುದುಕಿಯರೇ ಮುಂದೆ. ನಡೆಯೋದೆಲ್ಲ ಬೇಡ, ಒಂದು ನೆಕ್ಕು ಸಾಕು ಅಂತಿದ್ರು. ತಮ್ಮ ಓದಿನಿಂದಲೇ ಇದೆಲ್ಲ ಆಗಿದ್ದು ಅಂತ ಮೇಷ್ಟ್ರು ಮೆರೆದರು.

ಅಷ್ಟರಲ್ಲಿ ಇನ್ನೊಂದು ಪೇಪರ್ ಬಂತು. ಮರೆವಿನ ಮದ್ದಿಗೂ ನೀರಿಗೂ ಏನೇನೂ ವ್ಯತ್ಯಾಸ ಇಲ್ಲ, ಪ್ರಯೋಗ ನಿಲ್ಲಿಸಿದೆ, ಇಲಿಗಳಲ್ಲಿ ವಿಫಲ. ಕ್ಯೂ ಕರಗಿತು. ಮುದುಕಿಯರು ಬಿಟ್ಟಿದ್ದ ನರಳಾಟನ ಬಿಟ್ಟಲ್ಲಿಂದಲೇ ಶುರು ಮಾಡಿದ್ರು. ಮೇಷ್ಟ್ರು ಪೇಪರ್ ಹಿಡ್ಕೊಂಡು ತೌಡಪ್ಪನ ಮನೆ ಮುಂದೆ ಬಂದರು.

"ನಿನಗೆ ವಾಸಿಯಾಗಿಲ್ಲ ಕಣಯ್ಯ. ನೀನು ಮನೆಗೆ ಬಂದಿದ್ದು ಲೆಕ್ಕಕ್ಕಿಲ್ಲ."

ತೌಡಪ್ಪ ಹೆಂಡತಿ ಮುಖ ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು. ದಾರಿ ತಪ್ಪಿದ ದಿನಗಳ ನೋಟ ಅದು.

"ಯಾವ ಇಲಿಗೆ, ಮೇಷ್ಟ್ರೇ?" ಅಂದಳು ನುಚ್ಚಮ್ಮ.

ಮೇಷ್ಟ್ರು ಕೆಮ್ಮಿದರು. ತಿರುಗಿಸೋಕೆ ಮುಂದಿನ ಪುಟ ಇರಲಿಲ್ಲ. ಅವಳು ಆ ಹಾಳೇನ ಅವರ ಕೈಯಿಂದ ಇಸ್ಕೊಂಡು, ಸಣ್ಣಗೆ ಹರಿದು, ಮೆತ್ತಗೆ ಹಾಸಿಗೆ ಮಾಡಿದಳು. ವಿಫಲ ಅನ್ನೋ ದಪ್ಪಕ್ಷರದ ಮೇಲೇ ತಲೆಯಿಟ್ಟು ತೌಡಪ್ಪ ಗೊರಕೆ ಹೊಡೆದ.

ಬೆಳಿಗ್ಗೆ ನುಚ್ಚಮ್ಮ ಮಹಡಿ ಹತ್ತಲಿಲ್ಲ. ತುಕ್ಕು ನಲ್ಲಿ ಕೆಳಗೆ ಬಾಲ ಒದ್ದೆ ಮಾಡ್ಕೊಂಡು ಬಂದು ಗಂಡನ ಬಾಯಿಗೆ ಕೊಟ್ಟಳು. ಒಡೆದ ಬಕೆಟ್ಟು ದಾಟಿ, ಮೋರಿ ದಾಟಿ, ನಲ್ಲಿ ಹತ್ರ ಎಡಕ್ಕೆ ತಿರುಗಿ ಇಬ್ಬರೂ ಹೊಸ್ತಿಲಿಗೆ ಬಂದರು. ತೌಡಪ್ಪ ನೆಕ್ಕಿ, ನಾಲಿಗೆ ಚಪ್ಪರಿಸಿ, ತಲೆದೂಗಿದ.

"ಇವತ್ತಿನ ಮದ್ದು ಸ್ವಲ್ಪ ಸ್ಟ್ರಾಂಗ್ ಆಗಿದೆ ಕಣೇ."