ಹಡಗಿನವರು ಮತ್ತು ಗಡಿಯಾರದವರು

ಟಿಕೆಟ್ ಅಕ್ಕನಿಗೆ ಜನರ ಮುಖ ಗೊತ್ತಿರಲಿಲ್ಲ, ಕೈ ಗೊತ್ತಿತ್ತು. ರಂಗಮಂದಿರದ ಟಿಕೆಟ್ ಕಿಟಕಿಯ ಗಾಜಿಗೆ ಯಾವ ಕಾಲದಲ್ಲೋ ಯಾರೋ ಬಣ್ಣ ಬಳಿದುಬಿಟ್ಟಿದ್ದರು. ಹಾಗಾಗಿ ಕೆಳಗಿನ ಗೇಣಗಲದ ಕಂಡಿಯಲ್ಲಿ ಒಳಗೆ ಚಾಚುವ ಕೈಗಳೇ ಅವಳ ಪಾಲಿಗೆ ಊರಿನ ಜನ. ಉಗುರು ಕಚ್ಚುವವರು, ಹೊಸ ಉಂಗುರ ಬಂದವರು, ಹಳೆಯ ಉಂಗುರ ಮಾಯವಾದವರು, ಎಲ್ಲರನ್ನೂ ಇಪ್ಪತ್ತೆರಡು ವರ್ಷಗಳಿಂದ ಆ ಕಂಡಿಯಿಂದಲೇ ಬಲ್ಲಳು. ನಾಟಕ ಮಾತ್ರ ಒಂದನ್ನೂ ನೋಡಿರಲಿಲ್ಲ. ನಾಟಕ ಶುರುವಿನ ಮೂರನೆಯ ಗಂಟೆ ಹೊಡೆದ ಮೇಲೂ ತಡವಾಗಿ ಬಂದವರ ಕೈಗಳು ಕಂಡಿಯಲ್ಲಿರುತ್ತಿದ್ದವು. ಅವರನ್ನೆಲ್ಲ ಒಳಗೆ ಕಳಿಸಿ ಅವಳು ಎದ್ದು ನಿಲ್ಲುವ ಹೊತ್ತಿಗೆ ಮೊದಲ ಅಂಕ ಮುಗಿಯುತ್ತ ಬಂದಿರುತ್ತಿತ್ತು. ಅರ್ಧದಿಂದ ನೋಡಿ ಯಾವ ಪುರುಷಾರ್ಥ ಎಂದು ಮನೆಗೆ ಹೊರಡುತ್ತಿದ್ದಳು.

ಆದರೆ ಅವಳು ನಾಟಕವನ್ನು ಬಿಟ್ಟರೂ ನಾಟಕ ಅವಳನ್ನು ಬಿಟ್ಟಿರಲಿಲ್ಲ. ಆರು ವರ್ಷಗಳಿಂದ ಅಲ್ಲಿ ಎರಡು ಸಂಗೀತ ನಾಟಕಗಳು ಹೌಸ್‌ಫುಲ್ ಓಡುತ್ತಿದ್ದವು. ವಾರದ ಮೊದಲರ್ಧ ‘ಹಡಗಿನ ಮದುವೆ’, ಉಳಿದರ್ಧ ‘ನಿಂತ ಗಡಿಯಾರ’. ಮೊದಲನೆಯದರಲ್ಲಿ ಮದುಮಗಳು ಹಡಗು ಹತ್ತಿಬಿಡುತ್ತಾಳೆ, ಮದುಮಗ ದಡದಲ್ಲೇ ಉಳಿಯುತ್ತಾನೆ. ಎರಡೂವರೆ ಗಂಟೆ ಹಾಡಿದ ಮೇಲೆ ಈಜಿ ಬಂದು ಸೇರುತ್ತಾನೆ. ಎರಡನೆಯದರಲ್ಲಿ ಹೆಂಡತಿ ಸತ್ತ ದುಃಖಕ್ಕೆ ಗಡಿಯಾರ ರಿಪೇರಿಯವನು ಊರಿನ ಗಡಿಯಾರಗಳನ್ನೆಲ್ಲ ನಿಲ್ಲಿಸುತ್ತಾನೆ. ಎರಡೂವರೆ ಗಂಟೆ ಹಾಡಿದ ಮೇಲೆ ಮತ್ತೆ ಓಡಿಸುತ್ತಾನೆ. ಇದಿಷ್ಟೂ ಅವಳಿಗೆ ಮನೆಯಲ್ಲೇ ಬಾಯಿಪಾಠವಾಗಿತ್ತು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ತಂಗಿ ಹಡಗಿನವಳು. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಗಂಡ ಗಡಿಯಾರದವನು. ತಂಗಿಯ ವಾಸ ಮೇಲಿನ ಮಹಡಿಯಲ್ಲಿ, ಊಟ ಕೆಳಗೆ. ಒಂದೇ ಮೇಜಿನ ಮೇಲೆ ಹಾವು ಮುಂಗುಸಿ ಎರಡಕ್ಕೂ ಅವಳೇ ಬಡಿಸಬೇಕಿತ್ತು.

ಹಡಗಿನವರು ನೀಲಿ ಶಾಲು ಹೊದ್ದು ಬರುತ್ತಿದ್ದರು. ಲಂಗರು ಎತ್ತುವ ಹಾಡಿಗೆ ಅಳುವುದು ಅವರ ಕ್ರಮ. ಅದಕ್ಕೆಂದೇ ಎರಡೆರಡು ಕರವಸ್ತ್ರ, ಒಂದು ತನಗೆ, ಇನ್ನೊಂದು ಪಕ್ಕದ ಕುರ್ಚಿಯ ಹೊಸಬರಿಗೆ. ಅಳದೆ ಹೊರಬಂದವರನ್ನು ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ಗಡಿಯಾರದವರು ಅಳುವವರಲ್ಲ. ನಾಲ್ಕು ಹತ್ತಕ್ಕೆ ನಿಲ್ಲಿಸಿದ ಕೈಗಡಿಯಾರ ಕಟ್ಟಿಕೊಂಡು ಬಂದು, ಉಸಿರು ಬಿಗಿಹಿಡಿದು ಕೂರುವವರು. ಯಾರಾದರೂ ಕೆಮ್ಮಿದರೆ ಇಡೀ ಸಾಲು ಒಟ್ಟಿಗೆ ಹಿಂತಿರುಗಿ ನೋಡುತ್ತಿತ್ತು. ಕೆಮ್ಮಿದವನಿಗೆ ಕಾಯಿಲೆ ಅಲ್ಲೇ ವಾಸಿಯಾಗುತ್ತಿತ್ತು. ಎರಡನೆಯ ಅಂಕದ ಬೀದಿದೀಪ ಮೂರು ಕ್ಷಣ ತಡವಾಗಿ ಹತ್ತಿದರೆ ಮರುದಿನ ಮ್ಯಾನೇಜರಿಗೆ ಹನ್ನೆರಡು ಪತ್ರ ಬರುತ್ತಿದ್ದವು. ಅದರಲ್ಲಿ ಒಂದು ಗಂಡನದು, ಕಾಗುಣಿತ ತಪ್ಪಿಲ್ಲದ್ದು.

“ನಿಮ್ಮದು ಭಕ್ತಿಯಲ್ಲ ಭಾವ, ತಪಾಸಣೆ,” ಎನ್ನುತ್ತಿದ್ದಳು ತಂಗಿ.

“ನಿಮ್ಮದು ನಾಟಕ ನೋಡೋದಲ್ಲ ಪುಟ್ಟಿ, ನೆಗಡಿ,” ಎನ್ನುತ್ತಿದ್ದ ಗಂಡ.

ಒಂದು ಬೆಳಿಗ್ಗೆ ಮ್ಯಾನೇಜರು ಟಿಕೆಟ್ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತರು. ವೇದಿಕೆಯ ಹಲಗೆ ಶಿಥಿಲವಾಗಿದೆ, ಎರಡು ನಾಟಕದ ಭಾರ ಹೊರಲಾರದು, ಒಂದನ್ನು ನಿಲ್ಲಿಸಲೇಬೇಕು ಎಂದರು.

“ಯಾವುದನ್ನ ನಿಲ್ಲಿಸಿದ್ರೂ ನನ್ನ ಹಲ್ಲು ಉದುರಿಸ್ತಾರೆ. ನೀವು ಯಾವ ಕಡೆಯವರೂ ಅಲ್ಲ. ಇಬ್ಬರನ್ನೂ ದಿನಾ ನೋಡ್ತೀರಿ. ಯಾರ ಅಭಿಮಾನ ಹೆಚ್ಚು ಗಟ್ಟಿ ಅಂತ ಹೋಲಿಸಿ ಒಂದು ಪುಟ ಬರೆದುಕೊಡಿ. ನಿಮ್ಮ ಹೆಸರು ಎಲ್ಲೂ ಬರಲ್ಲ.”

“ನಾನು ನೋಡೋದು ಬರೀ ಕೈ ಸರ್.”

“ಅದೇ ಒಳ್ಳೇದು. ಕೈ ಸುಳ್ಳು ಹೇಳಲ್ಲ.”

ಹೆಸರು ಎಲ್ಲೂ ಬರುವುದಿಲ್ಲ ಎಂದ ಮಾತು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಕಂಡಿಯಲ್ಲಿ ಟಿಕೆಟಿಗೆ ಬಂದ ಕೈಗಳ ಜೊತೆ ಹೂವು, ಕೇಕು, ಹೆಣೆದ ಕಾಲುಚೀಲ ಬರತೊಡಗಿದವು. ಹಡಗಿನವರ ಮುಂದಾಳು, ನಿವೃತ್ತ ಪೋಸ್ಟ್‌ಮಾಸ್ಟರ್ ಹೆಂಗಸು, ಕಂಡಿಗೆ ಬಾಯಿ ತಾಗಿಸಿ, “ಅಕ್ಕಾ, ನಾವು ಜ್ವರದಲ್ಲೂ ಬಂದಿದೀವಿ. ನಮ್ಮ ಕಣ್ಣಿಗೆ ತಪ್ಪಿದ ಒಂದು ಎಳೆ ದಾರ ಆ ನಾಟಕದಲ್ಲಿಲ್ಲ,” ಎಂದರು. ಅರ್ಧ ಗಂಟೆಯ ಮೇಲೆ ಗಡಿಯಾರದವರ ಮುಂದಾಳು, ಗಣಿತದ ಮೇಷ್ಟ್ರು, ಅದೇ ಕಂಡಿಗೆ ಬಾಯಿ ಇಟ್ಟು, “ನಾವು ಮುರಿದ ಕಾಲಲ್ಲೂ ಬಂದಿದೀವಿ. ನಮ್ಮ ಕಣ್ಣು ತಪ್ಪಿಸಿ ಆ ನಾಟಕದಲ್ಲಿ ಒಂದು ನೊಣವೂ ಹಾರಲ್ಲ,” ಎಂದರು. ಒಬ್ಬರ ಮಾತಿಗೆ ಇನ್ನೊಬ್ಬರ ಮೀಸೆ ಅಂಟಿಸಿದ ಹಾಗಿತ್ತು.

ಮನೆಯಲ್ಲಿ ಇನ್ನೊಂದು ಬಗೆಯ ಉಪಚಾರ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಮೊದಲ ಸಲ ಗಂಡ ಪಾತ್ರೆ ತೊಳೆದ. ತಂಗಿ ಅವಳ ಕಾಲು ಒತ್ತಿದಳು. ಇಬ್ಬರೂ ನಾಟಕದ ಸುದ್ದಿ ಎತ್ತಲಿಲ್ಲ. ಎತ್ತದೆ ಇರುವುದನ್ನು ಅವಳು ಗಮನಿಸಬೇಕೆಂದು ಮಾತ್ರ ಆಗಾಗ ನಿಟ್ಟುಸಿರು ಬಿಟ್ಟರು.

ನೋಡದೆ ಬರೆಯುವುದು ಅನ್ಯಾಯ ಎನಿಸಿ, ಅವಳು ಎರಡು ಮಧ್ಯಾಹ್ನದ ರಜೆ ಕೇಳಿ ಪಡೆದಳು. ಸೋಮವಾರ ಹಡಗು ಹತ್ತಿದಳು. ಸುತ್ತ ಎಲ್ಲರೂ ಬಿಕ್ಕುತ್ತಿದ್ದಾಗ ಅವಳ ಕಣ್ಣು ಮದುಮಗಳ ಮೇಲೆ ನಿಲ್ಲಲೇ ಇಲ್ಲ. ಹಿಂದೆ ಹೂಬುಟ್ಟಿ ಹಿಡಿದು ನಿಂತ ಮೂರನೆಯ ಗೆಳತಿಯ ಕೈಗೆ ಹೋಯಿತು. ಎಡಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡಿತ್ತು, ನೇರವಾಗದ ಬೆರಳು. ಆ ಗೆಳತಿಗೆ ಮಾತಿಲ್ಲ, ಹಾಡಿನಲ್ಲಿ ಪಾಲಿಲ್ಲ. ಆದರೆ ಹಡಗು ಓಲಾಡುವಾಗಲೆಲ್ಲ ಬುಟ್ಟಿಯ ಹೂವು ಚೆಲ್ಲದ ಹಾಗೆ ಅವಳು ಮೈಯನ್ನು ಎಷ್ಟು ಹಗುರವಾಗಿ ವಾಲಿಸುತ್ತಿದ್ದಳೆಂದರೆ, ಟಿಕೆಟ್ ಅಕ್ಕನಿಗೆ ತನ್ನ ಕುರ್ಚಿಯೇ ತೇಲಿದಂತಾಯಿತು. ಹಲಗೆಯ ವೇದಿಕೆಯನ್ನು ನೀರು ಮಾಡಿದ್ದು ಅವಳೊಬ್ಬಳೇ.

ಗುರುವಾರ ಗಡಿಯಾರದ ನಾಟಕ. ಎರಡನೆಯ ಅಂಕದಲ್ಲಿ ಬೀದಿದೀಪ ಹಚ್ಚುವ ಮುದುಕಿ ಕೋಲು ಹಿಡಿದು ಬಂದಳು. ನರೆಗೂದಲು, ಬಾಗಿದ ಬೆನ್ನು, ಕೋಲಿನ ಮೇಲೆ ಒಳಕ್ಕೆ ಮಡಚಿದ ಅದೇ ಕಿರುಬೆರಳು. ಟಿಕೆಟ್ ಅಕ್ಕನ ಬಾಯಿಂದ “ಅಯ್ಯೋ, ಇವಳೇ!” ಎಂದು ಹೊರಟೇಬಿಟ್ಟಿತು. ಸಾಲು ಸಾಲೇ ಹಿಂತಿರುಗಿ ಅವಳನ್ನು ಸುಡುವ ಹಾಗೆ ನೋಡಿತು. ಅದರಲ್ಲಿ ಅವಳ ಗಂಡನೂ ಇದ್ದ.

ಆಟ ಮುಗಿದ ಮೇಲೆ ಅವಳು ಹಿಂಬಾಗಿಲಿಗೆ ಹೋದಳು. ನಾಯಕನಿಗಾಗಿ ಕಾದಿದ್ದ ಗುಂಪಿನ ನಡುವೆಯೇ ಸುಮಾರು ಐವತ್ತರ ಹೆಂಗಸೊಬ್ಬಳು ಚೀಲ ಹೆಗಲಿಗೆ ಹಾಕಿಕೊಂಡು ನಡೆದುಬಂದಳು. ಯಾರೂ ತಿರುಗಿ ನೋಡಲಿಲ್ಲ.

“ಬುಟ್ಟಿ ಹಿಡಿಯೋರೂ ನೀವೇ, ದೀಪ ಹಚ್ಚೋರೂ ನೀವೇ ಅಲ್ವಾ?” ಎಂದಳು ಟಿಕೆಟ್ ಅಕ್ಕ.

ಹೆಂಗಸು ಗಕ್ಕನೆ ನಿಂತಳು. “ಆರು ವರ್ಷದಲ್ಲಿ ಕೇಳಿದ ಮೊದಲನೆಯವರು ನೀವು. ಹೇಗೆ ಗೊತ್ತಾಯ್ತು?”

“ಬೆರಳು.”

“ಬಾಗಿಲಿಗೆ ಸಿಕ್ಕಿ ಮುರಿದಿದ್ದು, ಸಣ್ಣವಳಿದ್ದಾಗ.” ನಟಿ ಕೈಯನ್ನು ಸೀರೆಯ ಮರೆಗೆ ಎಳೆದುಕೊಂಡು ನಕ್ಕಳು. “ಯಾರಿಗೂ ಹೇಳಬೇಡಿ. ಯಾರೂ ನೋಡಲ್ಲ ಅನ್ನೋ ಧೈರ್ಯದ ಮೇಲೆ ನಾನು ಕೆಲಸ ಮಾಡೋದು.”

ಹೇಳುವುದಿಲ್ಲ ಎಂದಳು ಟಿಕೆಟ್ ಅಕ್ಕ. ಹಾಗೆ ಹೇಳಿದಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಮನೆಗೆ ಬಂದರೆ ಗಂಡ ಮುಖ ಊದಿಸಿಕೊಂಡು ಕೂತಿದ್ದ.

“ಎರಡನೇ ಅಂಕದಲ್ಲಿ ಬಾಯಿ ಬಿಡ್ತೀಯಲ್ಲ! ನಾನು ನಾಳೆ ಮೇಷ್ಟ್ರಿಗೆ ಮುಖ ಹೇಗೆ ತೋರಿಸಲಿ? ನಾಟಕ ನೋಡೋಕೂ ಒಂದು ಸಂಸ್ಕಾರ ಬೇಕು.”

ತಂಗಿಯೂ ಸೇರಿಕೊಂಡಳು. “ಹಡಗಲ್ಲೂ ನೀನು ಅಳಲಿಲ್ಲವಂತೆ ಅಕ್ಕ. ಪೋಸ್ಟ್‌ಮಾಸ್ಟ್ರು ಹೇಳಿದ್ರು. ನೋಡೋಕೆ ಬರದವಳು ಏನು ಬರೀತೀಯ?”

ಅವಳಿಗೆ ಮೈಯೆಲ್ಲ ಉರಿಯಿತು. ಊಟ ಬಡಿಸಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದೇ ಏಟಿಗೆ ಬರೆದು ಮುಗಿಸಿದಳು: ಎರಡು ಬಳಗದ ಅಭಿಮಾನವೂ ಸಮಸಮ. ಎರಡೂ ಕಡೆಯವರು ತಮ್ಮ ಕಣ್ಣಿಗೆ ಏನೂ ತಪ್ಪಿಲ್ಲ ಎನ್ನುತ್ತಾರೆ. ಹಡಗಿನ ಮೂರನೆಯ ಗೆಳತಿ ಮತ್ತು ಗಡಿಯಾರದ ದೀಪದ ಮುದುಕಿ ಒಬ್ಬರೇ ಎಂಬುದು ಆರು ವರ್ಷಗಳಿಂದ ಎರಡೂ ಕಡೆಯವರಿಗೆ ಸಮಸಮವಾಗಿ ಗೊತ್ತಾಗಿಲ್ಲ.

ಬರೆದಾಗ ಹಾಲು ಕುಡಿದಷ್ಟು ಸಮಾಧಾನವಾಯಿತು. ಕೊಟ್ಟ ಮಾತು ನೆನಪಾದದ್ದು ಮರುದಿನ, ಕಾಗದ ಮ್ಯಾನೇಜರ ಕೈ ಸೇರಿದ ಮೇಲೆ. ವಾಪಸು ಕೇಳೋಣವೆಂದು ಓಡಿದರೆ ಅವರಾಗಲೇ ಎರಡೂ ಬಳಗಗಳನ್ನು ಸಭೆಗೆ ಕರೆದಾಗಿತ್ತು. ಮ್ಯಾನೇಜರಿಗೂ ಆ ವಿಷಯ ಗೊತ್ತಿರಲಿಲ್ಲ. ಸಂಬಳದ ಪಟ್ಟಿಗೆ ಆರು ವರ್ಷ ಅವರೇ ಸಹಿ ಹಾಕಿದ್ದರು.

ಸಭಾಂಗಣದಲ್ಲಿ ಮ್ಯಾನೇಜರು ಕಾಗದವನ್ನು ಓದಿ ಮುಗಿಸಿದರು. ನೀಲಿ ಶಾಲುಗಳು ನಿಂತ ಗಡಿಯಾರಗಳನ್ನು ನೋಡಿದವು, ನಿಂತ ಗಡಿಯಾರಗಳು ನೀಲಿ ಶಾಲುಗಳನ್ನು ನೋಡಿದವು. ಆಮೇಲೆ ಗಣಿತದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ನನಗೇನೋ ಮೊದಲಿಂದಲೂ ಗೊತ್ತಿತ್ತು,” ಎಂದರು.

“ನನಗೆ ಅದಕ್ಕೂ ಮೊದಲಿಂದ,” ಎಂದರು ಪೋಸ್ಟ್‌ಮಾಸ್ಟರ್.

ಐದು ನಿಮಿಷದಲ್ಲಿ ಗೊತ್ತಿಲ್ಲದವರು ಒಬ್ಬರೂ ಉಳಿಯಲಿಲ್ಲ. ಅಂದು ಸಂಜೆ ಮನೆಯಲ್ಲಿ ಗಂಡ, “ಹೇಳಿದ್ರೆ ಅವರಿಗೆ ಮುಜುಗರ ಅಂತ ಸುಮ್ಮನಿದ್ದೆ,” ಎಂದ. “ನಾನೂ ಅಷ್ಟೇ ಭಾವ,” ಎಂದಳು ತಂಗಿ. ಆರು ವರ್ಷದಲ್ಲಿ ಮೊದಲ ಸಲ ಇಬ್ಬರ ಮಾತು ಕೂಡಿತು.

ಮುಂದಿನ ವಾರದಿಂದ ಹಡಗಿನವರು ಗಡಿಯಾರಕ್ಕೂ ಗಡಿಯಾರದವರು ಹಡಗಿಗೂ ಟಿಕೆಟ್ ಕೊಂಡರು. ಎರಡೂ ನೋಡದವನು ಅರ್ಧ ಅಭಿಮಾನಿ ಎಂದಾಯಿತು. ಮ್ಯಾನೇಜರು ಯಾವುದನ್ನೂ ನಿಲ್ಲಿಸಲಿಲ್ಲ. ವೇದಿಕೆಯ ಹಲಗೆ ಹೇಗೋ ಗಟ್ಟಿಯಾಯಿತು. ಮೂರನೆಯ ಗೆಳತಿ ಬುಟ್ಟಿ ಹಿಡಿದು ಕಾಲಿಟ್ಟರೆ ಸಾಕು, ಚಪ್ಪಾಳೆ. ಮದುಮಗಳು ಎತ್ತಿದ ಸ್ವರವನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಯಿ ತೆರೆದು ನಿಲ್ಲುತ್ತಿದ್ದಳು.

ಟಿಕೆಟ್ ಅಕ್ಕ ನಾಲ್ಕು ದಿನ ಮುಖ ತಪ್ಪಿಸಿ ಓಡಾಡಿದಳು. ಐದನೆಯ ದಿನ ಧೈರ್ಯಮಾಡಿ ಬಣ್ಣದ ಕೋಣೆಗೆ ಹೋದಳು. ನಟಿ ಕನ್ನಡಿಯ ಮುಂದೆ ನರೆಗೂದಲು ಬಾಚುತ್ತಿದ್ದಳು. ಕೂದಲು ತಲೆಯ ಮೇಲಿರದೆ ತೊಡೆಯ ಮೇಲಿತ್ತು.

“ತಪ್ಪಾಯ್ತು. ಸಿಟ್ಟಲ್ಲಿ ಬರೆದುಬಿಟ್ಟೆ. ನಿಮಗೆ ಮಾತು ಕೊಟ್ಟಿದ್ದೆ.”

ನಟಿ ತಿರುಗಲಿಲ್ಲ. “ಮೊದಲ ದಿನ ನಿಮ್ಮನ್ನ ಚೆನ್ನಾಗಿ ಬೈಬೇಕು ಅಂತಿದ್ದೆ. ಮಾತುಗಳನ್ನೂ ಜೋಡಿಸಿಟ್ಟಿದ್ದೆ. ಆಮೇಲೆ ಚಪ್ಪಾಳೆ ಬಿತ್ತು. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬೈಯೋಕೆ ನನಗೇ ಮುಖ ಇಲ್ಲದ ಹಾಗಾಯ್ತು.” ಬಾಚಣಿಗೆ ಕೆಳಗಿಟ್ಟಳು. “ಆದ್ರೆ ಹಡಗು ಈಗ ತೇಲ್ತಿಲ್ಲ ಅಕ್ಕ. ಬುಟ್ಟಿ ನೋಡ್ಕೊಳ್ಳೋದು ಬಿಟ್ಟು, ಜನ ಬೆರಳು ನೋಡ್ತಿದಾರಾ ಅಂತ ನಾನೇ ನೋಡ್ತಿರ್ತೀನಿ. ನಿನ್ನೆ ಹೂವೆಲ್ಲ ಚೆಲ್ಲಿಹೋಯ್ತು.”

“ಜನ ಏನಂದ್ರು?”

“ಎದ್ದು ನಿಂತು ಚಪ್ಪಾಳೆ ಹೊಡೆದ್ರು.”



ಅಭಿಮಾನಿಗಳು ಅಷ್ಟಕ್ಕೆ ಬಿಡಲಿಲ್ಲ. ಆಕೆಗೊಂದು ಹಾಡು ಕೊಡಲೇಬೇಕು ಎಂದು ಎರಡೂ ಕಡೆಯಿಂದ ಸಹಿ ಸಂಗ್ರಹವಾಯಿತು. ಮ್ಯಾನೇಜರು ಕೊಟ್ಟರು, ಎರಡು ನಾಟಕದಲ್ಲೂ ಒಂದೊಂದು. ನಟಿ ಬೇಡವೆಂದು ಒಂದು ಸಲ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಹಾಡಿದಳು. ದನಿ ಕೆಟ್ಟದ್ದೇನಲ್ಲ, ಅಡುಗೆಮನೆಯಲ್ಲಿ ಕೇಳಿದರೆ ಹಿತವಾಗಿರುವಂಥದ್ದು. ಸಭಾಂಗಣದಲ್ಲಿ ನಾಲ್ಕನೆಯ ಸಾಲು ದಾಟಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಡಗಿನವರು, ಬುಟ್ಟಿ ಹಿಡಿದು ಸುಮ್ಮನೆ ನಿಂತಾಗಲೇ ಆಕೆ ದೇವತೆ, ಹಾಳುಮಾಡಿದ್ದು ಆ ದೀಪದ ಹಾಡು ಎಂದರು. ಗಡಿಯಾರದವರು, ಕೋಲು ಹಿಡಿದು ಸುಮ್ಮನೆ ನಡೆದಾಗಲೇ ಆಕೆ ದೇವತೆ, ಕೆಡಿಸಿದ್ದು ಆ ಬುಟ್ಟಿಯ ಹಾಡು ಎಂದರು. ಮ್ಯಾನೇಜರು ಎರಡು ಹಾಡನ್ನೂ ಕಿತ್ತುಹಾಕಿದರು. ಬುಟ್ಟಿಯವರು, ದೀಪದವರು ಎಂದು ಹೊಸ ಬಳಗಗಳಾದವು. ಗಂಡ ಮತ್ತೆ ತಂಗಿಯನ್ನು ಮಾತಾಡಿಸುವುದು ಬಿಟ್ಟ. ಸಾರು ಬೇಕಾದರೆ ಹೆಂಡತಿಯ ಮೂಲಕ ಕೇಳತೊಡಗಿದ.

ಹಾಡು ಕಿತ್ತ ಮರುವಾರ, ಸೋಮವಾರ, ಟಿಕೆಟ್ ಅಕ್ಕ ಇನ್ನೊಂದು ರಜೆ ಹಾಕಿ ಹಿಂದಿನ ಸಾಲಿನಲ್ಲಿ ಕೂತಳು. ಮೂರನೆಯ ಗೆಳತಿ ಬಂದಾಗ ಚಪ್ಪಾಳೆ ಬಿತ್ತು, ಆದರೆ ಚಿಕ್ಕದು. ಬುಟ್ಟಿಯವರು ಮಾತ್ರ ತಟ್ಟಿದರು, ದೀಪದವರು ಕೈಕಟ್ಟಿ ಕೂತಿದ್ದರು. ಲಂಗರಿನ ಹಾಡಿನ ಹೊತ್ತಿಗೆ ಎರಡು ಬಣಗಳೂ ಕಣ್ಣಲ್ಲೇ ಒಬ್ಬರನ್ನೊಬ್ಬರು ತಿನ್ನುತ್ತಿದ್ದವು, ವೇದಿಕೆಯ ಕಡೆ ಯಾರ ಗಮನವೂ ಇರಲಿಲ್ಲ. ಆಗ ಹಿಂದೆ ಬುಟ್ಟಿ ಹಿಡಿದವಳು ಮೆಲ್ಲಗೆ ಎಡಕ್ಕೆ ವಾಲಿದಳು, ಹೂವು ಜಾರಿ ಅಂಚಿಗೆ ಬಂದು ನಿಂತಿತು, ಮತ್ತೆ ಬಲಕ್ಕೆ ವಾಲಿದಳು. ಟಿಕೆಟ್ ಅಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಆಟ ಮುಗಿದಾಗ ಹೊರಗಿನ ಮೆಟ್ಟಿಲ ಮೇಲೆ ಜಗಳ ತಾರಕಕ್ಕೇರಿತ್ತು. ಪೋಸ್ಟ್‌ಮಾಸ್ಟರ್ ಶಾಲು ಬೀಸಿ ಏನೋ ಕೂಗುತ್ತಿದ್ದರು. ಗಂಡ ಮೇಲಿನ ಮೆಟ್ಟಿಲಲ್ಲಿ ನಿಂತು, ಆಕೆಯ ಕಲೆಯನ್ನು ನಮ್ಮಷ್ಟು ಅರಿತವರು ಯಾರಿದ್ದಾರೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಹಿಂದಿನಿಂದ ಯಾರೋ, “ಸ್ವಲ್ಪ ದಾರಿ ಬಿಡ್ತೀರಾ?” ಎಂದರು. ಅವನು ತಿರುಗದೆ ಒಂದು ಹೆಜ್ಜೆ ಸರಿದು, ಮಾತು ಮುಂದುವರಿಸಿದ.

ಚೀಲ ಹೆಗಲಿಗೆ ಹಾಕಿಕೊಂಡಿದ್ದ ನಟಿ ಅವನ ಪಕ್ಕದಿಂದ ಇಳಿದು ಬಂದಳು. ಕೆಳಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಟಿಕೆಟ್ ಅಕ್ಕನನ್ನು ನೋಡಿ, “ಇವತ್ತು ತೇಲ್ತಾ?” ಎಂದು ಕೇಳಿದಳು.

“ತೇಲ್ತು. ನನಗೆ ತಲೆ ಸುತ್ತಿತು.”

ಬಸ್ಸು ಬಂತು. ಇಬ್ಬರಿಗೂ ಕೂರಲು ಜಾಗ ಸಿಕ್ಕಿತು.