ಬಾಗಿಲ ಹಿಂದಿನ ಸ್ವೆಟರ್

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ರಾಮಪ್ರಸಾದನನ್ನು ಮ್ಯಾನೇಜರ್ ಗೋಪಾಲಪ್ಪ ಭುಜ ಹಿಡಿದು ಪಕ್ಕಕ್ಕೆ ಕರೆದರು. ನಾಗಸಂದ್ರದ ಆ ಪುಟ್ಟ ಮನೆಯ ಮುಂದೆ ಪೀಣ್ಯದ ಫ್ಯಾಕ್ಟರಿಯ ಜೀಪು ನಿಂತಿತ್ತು. ಒಳಗೆ ಪಟ್ಟಾಭಿರಾಮರು ಮಲಗಿದ್ದರು. ಎಂಬತ್ತೆರಡನೇ ಇಸವಿಯಲ್ಲಿ ಫ್ಯಾಕ್ಟರಿಗೆ ಕಂಪ್ಯೂಟರ್ ಬಂದಾಗಿನಿಂದ ಹೆಸರಿಗೆ ಅದರ ಯಜಮಾನರು, ನಿಜಕ್ಕೆ ಅದರ ಜೀತದಾಳು.

"ಲಾಗಿನ್ ಮತ್ತೆ ಕೈಕೊಟ್ಟಿದೆ ಕಣ್ರೀ. ಕಂಪ್ಯೂಟರ್ ಚೀಟಿ ಇಲ್ದೆ ಸ್ಟೋರ್ಸಿಂದ ಒಂದು ಬೋಲ್ಟೂ ಈಚೆ ಬರ್ತಿಲ್ಲ, ಶಿಫ್ಟು ಖಾಲಿ ಕೂತಿದೆ. ಪಾಸ್‌ವರ್ಡ್ ನಿಮಗೇನಾದ್ರೂ ಹೇಳಿದ್ರಾ?"

"ಇಲ್ಲ ಸಾರ್."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಪಟ್ಟಾಭಿರಾಮರ ಜೊತೆ ಕೆಲಸ ಮಾಡುತ್ತಿದ್ದ ರಾಮಪ್ರಸಾದನಿಗೆ ಮೈಸೂರಿಗೆ ವರ್ಗವಾಗಿತ್ತು. ಹೆಂಡತಿ ಅಮ್ಮಣ್ಣಿ ಪಾತ್ರೆಪಗಡ ಗಂಟು ಕಟ್ಟಿಟ್ಟಿದ್ದಳು. ಪಾಸ್‌ವರ್ಡ್ ಗೊತ್ತಿದೆಯೆಂದರೆ ಬಿಟ್ಟು ಕಳಿಸುವವರು ಯಾರು?

*

ಅದನ್ನು ಹೇಳಿಕೊಟ್ಟವರು ಪಟ್ಟಾಭಿರಾಮರೇ. ಯುಗಾದಿಯ ದಿನ, ಹೋಳಿಗೆ ಎಲೆಯ ಮುಂದಿನಿಂದ ಎಬ್ಬಿಸಿ ಜೀಪು ಅವರನ್ನು ಕಂಪ್ಯೂಟರ್ ರೂಮಿಗೆ ಎಳೆತಂದಿತ್ತು.

"ಕರೆಂಟ್ ಹೋದಾಗ ಒಳಗಿದ್ದೋರ ಹೆಸರು ಹಂಗೇ ಉಳ್ಕೊಳತ್ತೆ. ಆಳಿಲ್ಲ, ಹೆಸರು ಮಾತ್ರ ಸೀಟು ಹಿಡ್ಕೊಂಡು ಕೂತಿರತ್ತೆ. ಸೀಟೆಲ್ಲ ತುಂಬಿದ್ರೆ ಹೊಸಬರಿಗೆ ಲಾಗಿನ್ ಇಲ್ಲ," ಎನ್ನುತ್ತ, ಎ.ಸಿ. ಚಳಿಗೆ ಸ್ವೆಟರಿನ ತೋಳು ಕೆಳಗೆಳೆದುಕೊಂಡು, ಆ ಹೆಸರುಗಳನ್ನು ಒಂದೊಂದಾಗಿ ಹೊರಹಾಕಿದರು. "ಹೊರಹಾಕೋ ಅಧಿಕಾರ ನನ್ನೊಬ್ಬನಿಗೇ. ಮೊದಮೊದ್ಲು ಜಂಬ ಇತ್ತು. ಆಮೇಲೆ ಮಗಳ ಧಾರೆಗೂ ನಿಲ್ಲಕ್ಕಾಗ್ಲಿಲ್ಲ. ನಾನು ಬಿದ್ದೋದ್ರೆ ಒಬ್ನಿಗಾದ್ರೂ ಗೊತ್ತಿರ್ಲಿ ಅಂತ ನಿಂಗೆ ಹೇಳ್ತಿದೀನಿ. ಗೊತ್ತು ಅಂತ ಮಾತ್ರ ಒಪ್ಕೋಬೇಡ ಕಣೋ. ಒಪ್ಕೊಂಡ್ಯೋ, ಕೆಟ್ಟೆ."

*

"ಹಾಗಾದ್ರೆ ಅವರ ಹೆಂಡ್ತಿನೇ ಕೇಳ್ಬೇಕು," ಎಂದು ಗೋಪಾಲಪ್ಪ ಚಪ್ಪಲಿ ಬಿಚ್ಚಿದರು.

ಒಳಗೆ ಭಾನುಮತಿ ಗಂಡನ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದರು. ಇಂಥ ಹೊತ್ತಿನಲ್ಲಿ ಆಕೆಯ ಮುಂದೆ ಪಾಸ್‌ವರ್ಡಿನ ಮಾತೇ, ಶಿವನೇ! ರಾಮಪ್ರಸಾದ ಅಡ್ಡ ಬಂದ. ಮ್ಯಾನೇಜರ ತೋಳು ಹಿಡಿದು ನಿಲ್ಲಿಸಿದ.

"ಅವ್ರನ್ನ ಕೇಳ್ಬೇಡಿ ಸಾರ್. ನಂಗೊತ್ತು."

"ಮೊದ್ಲೇ ಹೇಳೋದಲ್ವೇನ್ರೀ? ಸುಡುಗಾಡಿಂದ ಬಂದ ತಕ್ಷಣ ಜೀಪು ಹತ್ತಿ. ಮೈಸೂರಿನ ವಿಚಾರ ಆಮೇಲೆ ನೋಡೋಣ."

ಸಂಸ್ಕಾರ ಮುಗಿಸಿ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ರಾಮಪ್ರಸಾದ ಜೀಪು ಹತ್ತಿದ. ಡ್ರೈವರ್ ರೂಢಿಯಂತೆ ಹಾರನ್ ಹೊಡೆದ. ಆ ಸದ್ದಿಗೆ ಭಾನುಮತಿ ತಟ್ಟನೆ ಎದ್ದು, ಬಾಗಿಲ ಹಿಂದಿನ ಮೊಳೆಯಿಂದ ಸ್ವೆಟರ್ ತೆಗೆದುಕೊಂಡು ಹೊಸ್ತಿಲಿಗೆ ಬಂದುಬಿಟ್ಟರು. ಕೈಯಲ್ಲಿದ್ದುದನ್ನು ನೋಡಿದರು. ಆಮೇಲೆ ಜೀಪಿನಲ್ಲಿ ಕೂತವನನ್ನು ನೋಡಿದರು.

"ಆ ರೂಮಲ್ಲಿ ಚಳಿ ಜಾಸ್ತಿ ಅಂತಿದ್ರು. ಹಾಕ್ಕೊಳಪ್ಪ."

ಅವನು ಕೈಚಾಚಿ ಅದನ್ನು ತೆಗೆದುಕೊಂಡ. ಜೀಪು ತುಮಕೂರು ರಸ್ತೆಗೆ ತಿರುಗುವಾಗ ಅವನ ಒಂದು ತೋಳು ಆಗಲೇ ಒಳಗೆ ಹೋಗಿತ್ತು.